ಅಣ್ಣನ ಹಾಡು ಗೊತ್ತು, ತಮ್ಮನದು?

ದೀಕ್ಷಿತರ ಮನೆಯ ದೊಡ್ಡ ಹುಡುಗ ರಘುವಿನ ವಿಷಯ ನಮ್ಮ ಮೈಸೂರಲ್ಲಿ ಯಾರಿಗೆ ಗೊತ್ತಿಲ್ಲ, ಹೇಳಿ. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಕೈಯಲ್ಲಿ ಗಿಟಾರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಮೈಕ್ರೋಬಯಾಲಜಿ ಓದಿ ಚಿನ್ನದ ಪದಕ ತಗೊಂಡವರು, ಭರತನಾಟ್ಯದಲ್ಲೂ ವಿದ್ವತ್ ಮಾಡಿಕೊಂಡವರು. ಕೊನೆಗೆ ಎಲ್ಲ ಬದಿಗಿಟ್ಟು ಶಿಶುನಾಳ ಶರೀಫರ ಪದ ಹಾಡುತ್ತ ಲಂಡನ್ನಿನ ಟೀವಿಯವರೆಗೂ ಹೋಗಿಬಂದರು. 2008ರಲ್ಲಿ ಮುಂಬೈಯ ವಿಶಾಲ್-ಶೇಖರ್ ಜೋಡಿ ತಮ್ಮದೇ ಲೇಬಲ್ಲಿನಲ್ಲಿ ರಘು ದೀಕ್ಷಿತರ ಆಲ್ಬಂ ಹೊರತಂದಾಗ ಇಲ್ಲಿ ಕಾಲೇಜು ಹುಡುಗರ ಬಾಯಲ್ಲೆಲ್ಲ ಅದೇ. ಅದರಲ್ಲಿ ಮೈಸೂರಿನ ಹೆಸರಿದ್ದ ಹಾಡೂ ಒಂದಿತ್ತಲ್ಲ, ಮತ್ತೆ ಕೇಳಬೇಕೇ!

ನಾನು ಹೇಳಹೊರಟದ್ದು ತಮ್ಮನ ವಿಷಯ. ವಾಸು ದೀಕ್ಷಿತ್. ಈಚೆಗೆ ದಾಸರ ಪದಗಳನ್ನು ತಮ್ಮದೇ ಧಾಟಿಯಲ್ಲಿ ಹಾಡುತ್ತಾರಲ್ಲ, ಅವರೇ. ಅವರ ತಂಡ 'ಸ್ವರಾತ್ಮ' ತನ್ನ ಹೆಸರನ್ನೇ ಇಟ್ಟು 2009ರಲ್ಲಿ ಮೊದಲ ಆಲ್ಬಂ ತಂದಿತು. ಅಣ್ಣನದು ಬಂದ ಮರುವರ್ಷವೇ ತಮ್ಮನದು. ಹೀಗಾದರೆ ಏನಾಗುತ್ತದೆ ಅಂತ ಮನೆಯಲ್ಲಿ ಎರಡು ಮಕ್ಕಳಿರುವ ಯಾರನ್ನು ಕೇಳಿದರೂ ಹೇಳುತ್ತಾರೆ. ದೊಡ್ಡವನ ಅಂಕಪಟ್ಟಿ ಕೈಯಿಂದ ಕೈಗೆ ಹೋಗುತ್ತಿರುವಾಗಲೇ ಚಿಕ್ಕವನು ತನ್ನದನ್ನು ತಂದರೆ, "ಹಾಂ, ಅಲ್ಲಿಡಪ್ಪ, ಆಮೇಲೆ ನೋಡ್ತೀನಿ" ಅನ್ನುತ್ತಾರಲ್ವಾ? ನಮ್ಮೂರೂ ಅಲ್ಲಿಟ್ಟಿತು. ಆಮೇಲೆ ನೋಡುವುದು ಬಾಕಿಯೇ ಉಳಿಯಿತು.

ನನಗೆ ಆ ಸಿಡಿ ಸಿಕ್ಕಿದ್ದು ಅಕ್ಕನ ಮಗಳ ಕಡೆಯಿಂದ. ಅವಳು ಕೆನಡಾಕ್ಕೆ ಹೊರಟಾಗ ಒಂದು ಪೆಟ್ಟಿಗೆ ಸಿಡಿಗಳನ್ನು ನಮ್ಮನೆಯಲ್ಲಿ ಬಿಟ್ಟು ಹೋಗಿದ್ದಳು. "ಮಾವ, ಬಿಸಾಕಬೇಡ" ಅಂದಿದ್ದಳು, ಬಿಸಾಕಲಿಲ್ಲ. ಆದರೆ ಹಾಕಿ ಕೇಳೋಣವೆಂದರೆ ಈಗ ಯಾವ ಮನೆಯಲ್ಲಿದೆ ಸಿಡಿ ಹಾಕುವ ಸಾಮಾನು? ಕಂಪ್ಯೂಟರಿನಲ್ಲಿ ಆ ಬಾಯಿಯೇ ಇಲ್ಲ. ಟೀವಿ ಕೆಳಗಿದ್ದ ಪ್ಲೇಯರು ಎಂದೋ ಗುಜರಿಗೆ ಹೋಯಿತು. ಉಳಿದದ್ದು ನಮ್ಮ ಹಳೇ ಕಾರು. ಡ್ಯಾಶ್‌ಬೋರ್ಡಿನಲ್ಲಿ ಇನ್ನೂ ಸಿಡಿ ನುಂಗುವ ಬಾಯಿಯಿದೆ, ನುಂಗಿದ್ದನ್ನು ಹಾಡುತ್ತದೆ ಕೂಡ. ಒಂದೇ ತಾಪತ್ರಯ, ಒಂದು ಹಾಡು ಹಾರಿಸಿ ಮುಂದಿನದಕ್ಕೆ ಹೋಗುವ ಗುಂಡಿ ಕೆಟ್ಟಿದೆ. ಹಾಕಿದರೆ ಮೊದಲಿಂದ ಕೊನೆಯವರೆಗೆ ಕೇಳಲೇಬೇಕು. ರಿಪೇರಿಗೆ ಕೊಡೋಣ ಅಂತ ಮನೆಯವರು ಹೇಳುತ್ತಲೇ ಇದ್ದಾರೆ. ಬೇಡ ಅಂತ ನಾನೇ ತಡೆದಿದ್ದೇನೆ. ಯಾಕೆ ಅಂದರೆ, ಪಕ್ಕವಾದ್ಯದವರು ಶ್ರುತಿ ಮಾಡಿಕೊಂಡು ಒಂದಾದ ಮೇಲೊಂದು ಹಾಡುತ್ತ ಹೋದ ಕಚೇರಿಯನ್ನು ಎದ್ದು ಹೋಗದೆ ಕೂತು ಕೇಳುವ ಸುಖ ಈ ಫೋನಿನಲ್ಲಿ ಎಲ್ಲಿದೆ ಹೇಳಿ. ಅರ್ಧ ಹಾಡಿಗೇ ಬೆರಳು ಮುಂದಿನದನ್ನು ಹುಡುಕಿಕೊಂಡು ಹೋಗಿರುತ್ತದೆ.

ಅಂತೂ ರಿಂಗ್ ರೋಡಿನಲ್ಲಿ ಒಂದು ಸುತ್ತು ಹಾಕುವಷ್ಟರಲ್ಲಿ ನನಗೆ ಒಂದು ಗೊತ್ತಾಯಿತು. ಇದರಲ್ಲಿ ಪಿಟೀಲಿದೆ! ರಾಕ್ ಬ್ಯಾಂಡು ಅಂದಮೇಲೆ ಡ್ರಮ್ಸು, ಬಾಸು, ಎಲೆಕ್ಟ್ರಿಕ್ ಗಿಟಾರು ಇದ್ದೇ ಇರುತ್ತವೆ. ಅವೆಲ್ಲದರ ನಡುವೆ ಸಂಜೀವ್ ನಾಯಕರ ಪಿಟೀಲು ಯಾರಿಗೂ ದಾರಿ ಬಿಡದೆ ನಿಂತಿದೆ. ಮೈಸೂರಿನವರ ಕಿವಿಗೆ ಮೊದಲು ಬೀಳುವುದು ಅದೇ ಅಲ್ವಾ? ಚೌಡಯ್ಯನವರ ನೆಲ ಇದು. ತಿರುಮಕೂಡಲು ನರಸೀಪುರದಿಂದ ಬಂದು, ಮೈಕಿಲ್ಲದ ಕಾಲದಲ್ಲಿ ದೊಡ್ಡ ಸಭೆಯ ಕೊನೇ ಸಾಲಿಗೂ ನಾದ ಮುಟ್ಟಲಿ ಅಂತ ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿಕೊಂಡವರು. ಆಗಿನ ಮಡಿವಂತರು ಅದಕ್ಕೂ ಹುಬ್ಬು ಗಂಟಿಕ್ಕಿರಬೇಕು, ಯಾರಿಗೆ ಗೊತ್ತು. ಪಿಟೀಲೇ ಪರದೇಶದಿಂದ ಬಂದದ್ದು. ಅದಕ್ಕೆ ನಮ್ಮ ಗಮಕ ಕಲಿಸಿದ್ದು ಸರಿ, ತಂತಿ ಹೆಚ್ಚಿಸಿದ್ದು ಸರಿ, ಗಿಟಾರಿನ ಪಕ್ಕ ನಿಲ್ಲಿಸಿದರೆ ಮಾತ್ರ ತಪ್ಪೇ?

ಎಲ್ಲಿದ್ದೆ? ಹಾಂ, 2009.

ಆ ಹೊತ್ತು ನೆನಪಿದೆಯಲ್ಲ. 'ಮುಂಗಾರು ಮಳೆ' ಬಂದು ಎರಡು ವರ್ಷ ಕಳೆದಿದ್ದರೂ ಮಳೆ ನಿಂತಿರಲಿಲ್ಲ. ಆಟೋದಲ್ಲಿ ಅದೇ, ಎಫ್ಎಮ್ಮಿನಲ್ಲಿ ಅದೇ, ಮದುವೆಮನೆ ಆರ್ಕೆಸ್ಟ್ರಾದಲ್ಲೂ ಅದೇ. ಒಳ್ಳೇ ಹಾಡುಗಳೇ, ಬೇಡ ಅನ್ನುತ್ತಿಲ್ಲ. ಜಯಂತ ಕಾಯ್ಕಿಣಿಯವರ ಸಾಹಿತ್ಯ, ಮನೋಮೂರ್ತಿಯವರ ರಾಗ, ಯಾರಾದರೂ ಸೋಲುವಂಥದ್ದೇ. ಆದರೆ ಆ ಸೋನೆ ಮಳೆಯಲ್ಲಿ ಸಿನಿಮಾ ಇಲ್ಲದ, ಹೀರೋ ಇಲ್ಲದ, ಪೋಸ್ಟರಿಲ್ಲದ ಹಾಡುಗಳು ಕೇಳಿಸುವುದಾದರೂ ಹೇಗೆ? ಸಿನಿಮಾ ಬಿಟ್ಟು ಬೇರೆ ಹಾಡು ನಮ್ಮಲ್ಲಿ ಇರಲಿಲ್ಲ ಅಂತಲ್ಲ. 1978ರಲ್ಲಿ ನಿಸಾರ್ ಅಹಮದರ 'ನಿತ್ಯೋತ್ಸವ' ಕ್ಯಾಸೆಟ್ಟಾಗಿ ಬಂತು, ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ಟು ಅಂತಲೇ ಅದಕ್ಕೆ ಹೆಸರು. ಆ ಕ್ಯಾಸೆಟ್ಟು ಇಲ್ಲದ ಮೇಷ್ಟ್ರ ಮನೆ ಈ ಊರಲ್ಲಿ ಇತ್ತೇ? ಟೇಪು ಸಿಕ್ಕಿಕೊಂಡರೆ ನಟರಾಜ ಪೆನ್ಸಿಲ್ ತೂರಿಸಿ ತಿರುಗಿಸುವುದು, ಹಲ್ಲು ಕಚ್ಚಿಕೊಂಡು. ಅನಂತಸ್ವಾಮಿಯವರು ಹೋಗಿದ್ದು 1995ರಲ್ಲಿ. ನಾಡಗೀತೆಗೆ ಅವರು ಹಾಕಿದ ಧಾಟಿಯನ್ನೇ ಹಾಡಬೇಕು, ಎರಡೂವರೆ ನಿಮಿಷದಲ್ಲಿ ಮುಗಿಸಬೇಕು ಅಂತ ಸರ್ಕಾರ ಆದೇಶ ಮಾಡಿದ್ದು 2022ರಲ್ಲಿ. ನಮ್ಮಲ್ಲಿ ಹೀಗೇ ನೋಡಿ, ಎಲ್ಲಕ್ಕೂ ನಿಧಾನ.

ಅನಂತಸ್ವಾಮಿಯವರಿಗೆ ಇದ್ದ ಒಂದು ಅನುಕೂಲ ಸ್ವರಾತ್ಮಕ್ಕೆ ಇರಲಿಲ್ಲ. ಕವಿತೆ ಕನ್ನಡದ್ದು, ಕೇಳುವವರು ಕನ್ನಡದವರು, ಲೆಕ್ಕ ಸರಿ. ಈ ಆಲ್ಬಮ್ಮಿನಲ್ಲಿ 'ಈ ಭೂಮಿ' ಅಂತ ಕನ್ನಡದ ಹಾಡಿದೆ. ಮಿಕ್ಕಿದ್ದರಲ್ಲಿ ಹೆಚ್ಚಿನವು ಹಿಂದಿ. ಅಲ್ಲಿಗೆ ಮುಗಿಯಿತು. ನಮ್ಮವರು ಹಿಂದಿ ಅಂದುಕೊಂಡರು, ಉತ್ತರದವರು ಸೌತ್ ಇಂಡಿಯನ್ ಬ್ಯಾಂಡು ಅಂದುಕೊಂಡರು. ಮದುವೆಮನೆಯಲ್ಲಿ ಗಂಡಿನ ಕಡೆಯವರು ಹೆಣ್ಣಿನ ಕಡೆಯವರಿರಬೇಕು ಅಂತಲೂ, ಹೆಣ್ಣಿನ ಕಡೆಯವರು ಗಂಡಿನ ಕಡೆಯವರಿರಬೇಕು ಅಂತಲೂ ಮಾತಾಡಿಸದೇ ಬಿಟ್ಟ ನೆಂಟರ ಹಾಗಾಯಿತು ಆ ಹಾಡುಗಳ ಗತಿ. ಊಟ ಆಯ್ತಾ ಅಂತ ಕೇಳಿದವರಿಲ್ಲ.

ಇದು ನನಗೆ ಯಾಕಿಷ್ಟು ಸಂಕಟ ಅಂದರೆ, ಅದರಲ್ಲಿ 'ಪ್ಯಾಸಿ' ಅಂತ ಒಂದು ಹಾಡಿದೆ. ಹಿಂದಿಯದೇ. ಆದರೆ ಅದು ಯಾರ ಹಾಡು ಗೊತ್ತೇ? ಕಾವೇರಿಯದು. ಎಲ್ಲರಿಗೂ ನೀರು ಕೊಡುವವಳು ತಾನೇ ಬಾಯಾರಿ ನಿಂತಿದ್ದಾಳೆ ಅನ್ನುವ ಹಾಡು. ನಮ್ಮ ಕಾವೇರಿ, ಬೆಳಗೊಳದಿಂದಲೂ ಹೊಂಗಳ್ಳಿಯಿಂದಲೂ ಪೈಪಿನಲ್ಲಿ ಬಂದು ನಿಮ್ಮ ನಲ್ಲಿಯಲ್ಲೂ ನನ್ನ ನಲ್ಲಿಯಲ್ಲೂ ಬೀಳುವ ಕಾವೇರಿ. ಆ ಹಾಡನ್ನು ಹಿಂದಿ ಹಾಡು ಅಂತ ಬಿಟ್ಟುಬಿಟ್ಟೆವಲ್ಲ!

ನೀವೇ ಯೋಚನೆ ಮಾಡಿ. ಮಳೆಗಾಲ ಶುರುವಾಯಿತು ಅಂದರೆ ನಮ್ಮೂರಿನವರು ಪೇಪರಿನಲ್ಲಿ ಮೊದಲು ನೋಡುವುದು ಏನು? ಕಾವೇರಿಯ ಅಣೆಕಟ್ಟೆಯಲ್ಲಿ ನೀರಿನ ಮಟ್ಟ. ಇವತ್ತು ನೂರು ಅಡಿ, ನಾಳೆ ನೂರೆರಡು. ಚಿನ್ನದ ರೇಟು ಆಮೇಲೆ. ಕಟ್ಟೆ ತುಂಬಿ 124.80 ಆಯಿತೋ, ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡಷ್ಟು ಖುಷಿ, ಮುಖ್ಯಮಂತ್ರಿಗಳು ಬಾಗಿನ ಬಿಡಲು ಹೊರಟೇಬಿಟ್ಟರು. ಆಗದೇ ಹೋಯಿತೋ, ಮಂಡ್ಯದಲ್ಲಿ ಹೆದ್ದಾರಿ ಬಂದ್, ಸಂಜೆ ಬೆಂಗಳೂರಿನ ಬಸ್ಸು ಇದೆಯೋ ಇಲ್ಲವೋ ಅಂತ ವಿಚಾರಿಸಿಕೊಂಡು ಮನೆ ಬಿಡಬೇಕು. ಟಿಎಂಸಿ, ಕ್ಯೂಸೆಕ್ಸು ಅನ್ನುವ ಪದಗಳು ನಮ್ಮ ಅಜ್ಜಿಯರ ಬಾಯಲ್ಲೂ ಓಡಾಡುತ್ತವೆ. ನದಿಯ ಬಗ್ಗೆ ಇಷ್ಟು ಮಾತಾಡುವ ಊರು ಇನ್ನೊಂದಿರಲಾರದು. ಆದರೆ ನದಿಯೇ ಮಾತಾಡಿದ್ದು ಕೇಳಿದ್ದೀವಾ?

ಕಾವೇರಿ ನ್ಯಾಯಮಂಡಳಿಯ ಅಂತಿಮ ತೀರ್ಪು ಬಂದದ್ದು 2007ರ ಫೆಬ್ರುವರಿ 5ಕ್ಕೆ. ಒಟ್ಟು 740 ಟಿಎಂಸಿ. ತಮಿಳುನಾಡಿಗೆ 419, ನಮಗೆ 270, ಕೇರಳಕ್ಕೆ 30, ಪುದುಚೇರಿಗೆ 7. ಇಷ್ಟು ನಿಮಗೂ ಬಾಯಿಪಾಠ, ಆ 270 ಕೇಳಿ ನಾವೆಲ್ಲ ಎದೆ ಬಡಿದುಕೊಂಡವರೇ. ಕೂಡಿ ನೋಡಿ, 726 ಆಗುತ್ತದೆ. ಮಿಕ್ಕ 14 ಎಲ್ಲಿ ಹೋಯಿತು? ನಾಲ್ಕು ಟಿಎಂಸಿ ಹೇಗೂ ಸಮುದ್ರಕ್ಕೆ ಸೋರಿ ಹೋಗುತ್ತದೆ ಅಂತ ಬರೆದರು. ಉಳಿದ ಹತ್ತು ಪರಿಸರಕ್ಕೆ, ಅಂದರೆ ನದಿಗೆ. ಏಳುನೂರ ನಲವತ್ತರಲ್ಲಿ ಕಾವೇರಿಯ ಪಾಲು ಕಾವೇರಿಗೆ ಹತ್ತು! 2018ರಲ್ಲಿ ಸುಪ್ರೀಂ ಕೋರ್ಟು ನಮಗೆ 14.75 ಟಿಎಂಸಿ ಹೆಚ್ಚಿಗೆ ಕೊಟ್ಟಿತು, ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಅವತ್ತು ನಮ್ಮ ಬೀದಿಯಲ್ಲಿ ಸಿಹಿ ಹಂಚಿದರು, ನಾನೂ ತಿಂದೆ. ನದಿಯ ಆ ಹತ್ತರ ಮಾತನ್ನು ಅವತ್ತು ಯಾರೂ ಎತ್ತಲಿಲ್ಲ.

ತೀರ್ಪಿನ ಕಾವು ಆರುವ ಮೊದಲೇ, ಮೈಸೂರಿನಲ್ಲಿ ಬೆಳೆದ ಹುಡುಗ ಒಬ್ಬ ಕರ್ನಾಟಕದ ಪರವೂ ನಿಲ್ಲದೆ ತಮಿಳುನಾಡಿನ ಪರವೂ ನಿಲ್ಲದೆ ಕಾವೇರಿಯ ಪರ ಹಾಡುತ್ತಾನೆ ಅಂದರೆ ಅದಕ್ಕೆ ಎಷ್ಟು ಎದೆಗಾರಿಕೆ ಬೇಕು ಅಂತೀರಿ! ಹಿಂದಿಯಲ್ಲಿ ಯಾಕೆ ಹಾಡಿದರೋ ಅವರಿಗೇ ಗೊತ್ತು. ನನಗನ್ನಿಸುವುದು ಏನೆಂದರೆ, ಕನ್ನಡದಲ್ಲಿ ಹಾಡಿದರೆ ಅಲ್ಲಿಯವರು ಕೇಳಲ್ಲ, ತಮಿಳಿನಲ್ಲಿ ಹಾಡಿದರೆ ಇಲ್ಲಿಯವರು ಕೇಳಲ್ಲ. ಎರಡು ಮನೆಯ ಜಗಳದಲ್ಲಿ ಮೂರನೇ ಮನೆಯ ಜಗಲಿ ಮೇಲೆ ಕೂತು ಮಾತಾಡಿದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಇದು ನನ್ನ ಊಹೆ. ನಮ್ಮ ಎದುರುಮನೆ ಮೇಷ್ಟ್ರು ಒಪ್ಪುವುದಿಲ್ಲ. "ಕನ್ನಡದಲ್ಲೇ ಹಾಡಬೇಕಿತ್ತು ಕಣಯ್ಯಾ, ಅವಳು ಹುಟ್ಟಿದ್ದು ತಲಕಾವೇರಿಯಲ್ಲಿ ತಾನೆ" ಅನ್ನುತ್ತಾರೆ. ಅವರು ಹೇಳುವುದರಲ್ಲೂ ನ್ಯಾಯವಿದೆ ಬಿಡಿ.

ಸಿಡಿಯ ಬೆನ್ನು ತಿರುಗಿಸಿ ನೋಡಿದಾಗ ಇನ್ನೊಂದು ತಮಾಷೆ ಕಣ್ಣಿಗೆ ಬಿತ್ತು. ಆಲ್ಬಂ ತಂದದ್ದು ಇಎಂಐನವರ ವರ್ಜಿನ್ ಲೇಬಲ್ಲು. ಇಎಂಐ ಅಂದ ಕೂಡಲೆ ನನಗೆ ಅರಮನೆ ನೆನಪಾಯಿತು. ನಗಬೇಡಿ, ಸಂಬಂಧ ಇದೆ.

ಜಯಚಾಮರಾಜ ಒಡೆಯರು ಪಿಯಾನೋ ಕಲಿತವರು, ಲಂಡನ್ನಿನ ಟ್ರಿನಿಟಿ ಕಾಲೇಜಿನ ಗೌರವ ಫೆಲೋ ಆದವರು ಅನ್ನುವುದು ಗೊತ್ತಿದ್ದದ್ದೇ. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ಅದೇ ಮಹಾರಾಜರು ಪಾಶ್ಚಾತ್ಯ ಸಂಗೀತದ ಗ್ರಾಮಾಫೋನ್ ತಟ್ಟೆಗಳನ್ನು ಇಪ್ಪತ್ತು ಸಾವಿರದಷ್ಟು ಕೂಡಿಹಾಕಿದ್ದರಂತೆ. ಲಂಡನ್ನಿನಲ್ಲಿ ಆಗ ಮೆಟ್ನರ್ ಅಂತ ಒಬ್ಬ ರಷ್ಯನ್ ಸಂಗೀತಗಾರರಿದ್ದರು. ನಿಕೊಲಾಯ್ ಮೆಟ್ನರ್. ವಯಸ್ಸಾಗಿತ್ತು, ಕೈಯಲ್ಲಿ ಕಾಸಿರಲಿಲ್ಲ, ಹೊಸ ಕಾಲದ ಸಂಗೀತದ ಗದ್ದಲದಲ್ಲಿ ಅವರನ್ನು ಕೇಳುವವರು ಕಡಿಮೆ. ಅಲ್ಲಿಯವರು ಬಿಟ್ಟ ಆ ಸಂಗೀತ ಮೈಸೂರಿನ ಅರಸರಿಗೆ ಬೇಕಾಯಿತು. ದುಡ್ಡು ಕೊಟ್ಟು, ಮೆಟ್ನರ್ ಹೆಸರಲ್ಲಿ ಒಂದು ಸೊಸೈಟಿಯನ್ನೇ ಮಾಡಿ, ಅವರ ಪಿಯಾನೋ ಕಾನ್ಸರ್ಟೊಗಳನ್ನು ಅವರೇ ನುಡಿಸಿ ರೆಕಾರ್ಡಾಗುವಂತೆ ಮಾಡಿದರು. ಮೆಟ್ನರ್ ತಮ್ಮ ಮೂರನೇ ಕಾನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಣೆ ಮಾಡಿದರು. 1951ರಲ್ಲಿ ತೀರಿಕೊಂಡರು. ಅವರ ಕೈಯಿಂದ ಹೊಮ್ಮಿದ್ದು ಇವತ್ತು ಉಳಿದಿರುವುದರಲ್ಲಿ ನಮ್ಮೂರಿನ ಖಜಾನೆಯ ಪಾಲು ದೊಡ್ಡದು.

ಆ ತಟ್ಟೆಗಳ ಮೇಲಿದ್ದದ್ದು ಎಚ್ಎಂವಿ ನಾಯಿ, ಅಂದರೆ ಇಎಂಐ. ಅದರ ನಿರ್ಮಾಪಕ ವಾಲ್ಟರ್ ಲೆಗ್ ಮಹಾರಾಜರ ಕರೆಯ ಮೇಲೆ ಮೈಸೂರಿಗೇ ಬಂದು ಅರಮನೆಯಲ್ಲಿ ಕೂತು ಮಾತುಕತೆ ಮಾಡಿಕೊಂಡು ಹೋದರು. ಲೆಗ್ ಕಟ್ಟಿದ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರೂ ನಮ್ಮ ಮಹಾರಾಜರೇ. ಹೋಟೆಲಿನಲ್ಲಿ ಮಸಾಲೆ ದೋಸೆ ಜಗಳ ಆಡುವಾಗ ಮೈಸೂರಿನವರು ಇದನ್ನೂ ಸ್ವಲ್ಪ ಹೇಳಿಕೊಳ್ಳಬೇಕು ಅಲ್ವಾ? 1950ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕಡೆಯ ನಾಲ್ಕು ಹಾಡುಗಳು ಮೊಟ್ಟಮೊದಲು ಕೇಳಿಬಂದವಲ್ಲ, ಆ ಕಾರ್ಯಕ್ರಮಕ್ಕೂ ಖಾತ್ರಿ ನಿಂತದ್ದು ಮೈಸೂರಿನ ಹಣ.

ಹೀಗೆ ಆ ಕಾಲದಲ್ಲಿ ಮೈಸೂರಿನವರೊಬ್ಬರು ಇಎಂಐಗೆ ಹಣ ಕೊಟ್ಟು ಯಾರೂ ಕೇಳದ ರಷ್ಯನ್ ಸಂಗೀತವನ್ನು ಉಳಿಸಿಕೊಟ್ಟರು. ಅರವತ್ತು ವರ್ಷ ಆದಮೇಲೆ ಅದೇ ಇಎಂಐ ಮೈಸೂರಿನ ಹುಡುಗನ ತಂಡದ ಹಾಡು ಮುದ್ರಿಸಿತು, ಕೇಳುವ ಸರದಿ ಮೈಸೂರಿನವರದಾಗಿತ್ತು. ದೂರದ ಮೆಟ್ನರನಿಗೆ ಕಿವಿ ಕೊಟ್ಟ ಊರು ಪಕ್ಕದ ಬೀದಿಯ ಹುಡುಗನಿಗೆ ಕೊಡಲಿಲ್ಲ. ಈ ಮಾತು ಹೇಳುವಾಗ ನನಗೆ ನಿಜವಾಗಲೂ ಬೇಜಾರಾಗುತ್ತದೆ.

ಹಾಗಂತ ಹೊರಗಿನವರು ಕೇಳಲಿಲ್ಲವೇ? ಕೇಳಿದರು. ಬ್ರಿಟಿಷ್ ಕೌನ್ಸಿಲ್ಲಿನವರು ಸೌಂಡ್‌ಪ್ಯಾಡ್ ಅಂತ ಒಂದು ಯೋಜನೆ ಮಾಡಿ ದೇಶದಿಂದ ನಾಲ್ಕು ತಂಡಗಳನ್ನು ಆರಿಸಿದಾಗ ಸ್ವರಾತ್ಮ ಅದರಲ್ಲಿ ಒಂದು. ಅವರ ಹಾಡನ್ನು ಧ್ವನಿಮುದ್ರಿಸಿದವರು ಜಾನ್ ಲೆಕಿ, ರೇಡಿಯೋಹೆಡ್‌ನ 'ದಿ ಬೆಂಡ್ಸ್' ಮಾಡಿಸಿದ ಮನುಷ್ಯ. ಬೆಂಗಳೂರಿನ ರೇಡಿಯೋ ಸ್ಪರ್ಧೆಯಲ್ಲಿ 2006ರಲ್ಲೇ ಗೆದ್ದಿದ್ದರು. 2012ಕ್ಕೆ 'ಟೋಪಿವಾಲೆ' ಅಂತ ಎರಡನೇ ಆಲ್ಬಮ್ಮೂ ಬಂತು, ಶಂಕರ್-ಎಹಸಾನ್-ಲಾಯ್ ಮೂವರಲ್ಲಿ ಲಾಯ್ ಇದ್ದಾರಲ್ಲ, ಅವರು ನಿರ್ಮಿಸಿಕೊಟ್ಟದ್ದು. ಅದು ಹೆಚ್ಚು ನುಣುಪು, ಕೆಲಸ ಚೊಕ್ಕ. ಆದರೂ ನನ್ನ ಮನಸ್ಸು ಮೊದಲನೆಯದರ ಕಡೆಗೇ. ಮೊದಲನೆಯದರಲ್ಲಿ ಒಂದು ಹಸಿತನ ಇದೆ. ಗಿಟಾರು ನುಗ್ಗುತ್ತದೆ, ತಾಳವಾದ್ಯಗಳು ಅದನ್ನು ಹಿಂದಕ್ಕೆಳೆಯುತ್ತವೆ, ವಾಸು ಅವರ ದನಿ ಜಾತ್ರೆಯಲ್ಲಿ ದೂರದವರನ್ನು ಕೂಗಿ ಕರೆಯುವ ದನಿ. ನಯ ಮಾಡಲು ಹೋಗಿಲ್ಲ. 'ಯೇಶು ಅಲ್ಲಾ ಔರ್ ಕೃಷ್ಣ' ಅನ್ನುವ ಹಾಡನ್ನು ಅಶೋಕ ರಸ್ತೆಯಲ್ಲಿ ಫಿಲೋಮಿನಾ ಚರ್ಚಿನ ಕಡೆಗೆ ಹೋಗುತ್ತ ಕೇಳಿ, ಆ ರಸ್ತೆಯ ಟ್ರಾಫಿಕ್ಕಿನಲ್ಲಿ ಪೂರ್ತಿ ಹಾಡು ಮುಗಿಯುವಷ್ಟು ಹೊತ್ತು ಹೇಗೂ ನಿಲ್ಲಬೇಕು.

ಕುದುರೆ ವಿಷಯ ಮರೆತೆ ನೋಡಿ! ವಾಸು ವೇದಿಕೆ ಮೇಲೆ ಕುದುರೆ ಕಟ್ಟಿಕೊಂಡು ಬರುತ್ತಿದ್ದರು. ಸೊಂಟದ ಸುತ್ತ ಬಣ್ಣದ ಕುದುರೆ, ಮೇಲೆ ಗಿಟಾರು, ಹಾಡುತ್ತ ಕುಣಿಯುವುದು. ಮುಂಬೈ, ದೆಹಲಿಯ ಹುಡುಗರು ಅದನ್ನು ನೋಡಿ ಏನೋ ಹೊಸ ಆಟ ಅಂತ ಬೆರಗಾಗಿರಬೇಕು. ನಮಗೇನು ಹೊಸದು? ಜಂಬೂಸವಾರಿ ದಿನ ನಂದಿಧ್ವಜ ಹೋಗಿ, ವೀರಗಾಸೆ ಹೋಗಿ, ಕಂಸಾಳೆಯವರು ಮೈ ಬಾಗಿಸಿ ಬಡಿಯುತ್ತ ಹೋಗಿ, ಗಾರುಡಿಗೊಂಬೆ ತೂಗಾಡುತ್ತ ಹೋದ ಹಿಂದೆಯೇ ಕೀಲುಕುದುರೆಯವರು ಬರುತ್ತಾರಲ್ಲ. ಸಯ್ಯಾಜಿರಾವ್ ರಸ್ತೆಯಲ್ಲಿ ಅಪ್ಪನ ಹೆಗಲ ಮೇಲೆ ಕೂತು ನಾನು ಆನೆಗಿಂತ ಮೊದಲು ಹುಡುಕುತ್ತಿದ್ದದ್ದೇ ಆ ಕುದುರೆಗಳನ್ನು. ಕುದುರೆಗೆ ನಾಲ್ಕು ಕಾಲು ಇರಬೇಕು, ಇದಕ್ಕೆ ಎರಡೇ ಇವೆ, ಅದೂ ಗೆಜ್ಜೆ ಕಟ್ಟಿದ ಮನುಷ್ಯನ ಕಾಲು! ಅಪ್ಪನಿಗೆ ತಲೆಗೂದಲು ಎಳೆದು ತೋರಿಸುತ್ತಿದ್ದೆನಂತೆ. ಅಂಥ ಕುದುರೆಯನ್ನೇ ಒಬ್ಬ ಗಿಟಾರಿನ ಹುಡುಗ ಸ್ಟೇಜಿಗೆ ಹತ್ತಿಸಿದ. ಭಾಷೆ ಹಿಂದಿಯಾದರೇನು, ಆ ನಡಿಗೆ ಯಾವ ಊರಿನದು ಅಂತ ಬಿಡಿಸಿ ಹೇಳಬೇಕೇ?

ಅಂದಹಾಗೆ ಅಕ್ಕನ ಮಗಳಿಗೆ ಫೋನು ಮಾಡಿ ಹೇಳಿದೆ, ನಿನ್ನ ಸಿಡಿ ಕೇಳಿದೆ ಕಣೇ ಅಂತ. ಅವಳಿಗೆ ಆ ತಂಡದ ಆರೂ ಜನರ ಹೆಸರು ಇನ್ನೂ ನೆನಪಿದೆ. ಬಾಸ್ ನುಡಿಸುವ ಜಿಷ್ಣು, ಗಿಟಾರಿನ ವರುಣ್, ತಾಳವಾದ್ಯದ ಪವನ್, ಡ್ರಮ್ಸಿನ ಮಾಂಟ್ರಿ ಅಂತ ಕಾಲೇಜು ಸ್ನೇಹಿತರ ಹಾಗೆ ಒಂದೇ ಉಸಿರಿಗೆ ಹೇಳಿದಳು. ಅಲ್ಲಿ ಹಿಮ ಬೀಳುವ ದಿನಗಳಲ್ಲಿ 'ಈ ಭೂಮಿ' ಹಾಕಿಕೊಂಡು ಅಡುಗೆ ಮಾಡುತ್ತಾಳಂತೆ. ಹಾಗಾದರೆ ಇಷ್ಟು ವರ್ಷ ನನಗ್ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ನೀನು ಅಣ್ಣನ ಹಾಡೇ ಕೇಳ್ತಿದ್ದೆಯಲ್ಲ ಮಾವ" ಅಂದಳು.

ಸಿಡಿ ಬೇಕಾದರೆ ಕೊಡುತ್ತೇನೆ, ಆದರೆ ನಿಮ್ಮನೆಯಲ್ಲಿ ಹಾಕುವುದಕ್ಕೆ ಏನೂ ಇಲ್ಲವಲ್ಲ. ಫೋನಿನಲ್ಲಿ ಬೇಡ, ನೀವು ಬೆರಳಾಡಿಸಿ ಹಾರಿಸಿಬಿಡುತ್ತೀರಿ. ಒಂದು ಕೆಲಸ ಮಾಡಿ, ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿಕೊಂಡು ಬನ್ನಿ, ಬೆಳಗೊಳದವರೆಗೆ ಹೋಗಿ ಬರೋಣ. ಮೇಷ್ಟ್ರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಳ್ಳೋಣ, ಕನ್ನಡದಲ್ಲೇ ಹಾಡಬೇಕಿತ್ತು ಅಂತ ದಾರಿಯುದ್ದಕ್ಕೂ ಹೇಳಲಿ. ಕಾರಿನಲ್ಲಿ ಸೌಂಡು ಜಾಸ್ತಿ ಮಾಡುವ ಗುಂಡಿ ಚೆನ್ನಾಗಿಯೇ ಇದೆ.